ಆಂಪ್ಲಿಫೈಯರಿಗೆ ತಣ್ಣೀರು ಬಟ್ಟೆ

ಕಾದ ಆಂಪ್ಲಿಫೈಯರನ್ನು ತಣ್ಣಗೆ ಮಾಡುವುದು ಹೇಗೆ? ನಮ್ಮ ಭಾವನ ಮನೆಯಲ್ಲಿ ಅದಕ್ಕೊಂದು ವಿಧಾನವಿದೆ. ಕಣ್ಣಾರೆ ನೋಡಿದ್ದೇನೆ.

ಕಳೆದ ತಿಂಗಳು ಸಾಲಿಗ್ರಾಮಕ್ಕೆ, ಅಕ್ಕನ ಮನೆಗೆ ಹೋಗಿದ್ದೆ. ಭಾವ ಒಂದು ಕಾಲದಲ್ಲಿ ಮೈಕ್ ಸೆಟ್ ಇಟ್ಟಿದ್ದವರು. ಸುತ್ತಲಿನ ಊರುಗಳ ಮದುವೆ, ನಾಮಕರಣ, ನಾಟಕ ಎಲ್ಲಕ್ಕೂ ಅವರದೇ ಸೆಟ್ಟು. ಡಿಜೆ ಬಂದ ಮೇಲೆ ಹಾರ್ನುಗಳೆಲ್ಲ ಗುಜರಿಗೆ ಹೋದವು. ಆಂಪ್ಲಿಫೈಯರ್ ಮಾತ್ರ, ಒಂದು ಸಣ್ಣ ಸ್ಪೀಕರಿನ ಜೊತೆ, ನಡುಮನೆಯ ಶೋಕೇಸಿನಲ್ಲಿ ಉಳಿದುಕೊಂಡಿತು. ಬೆಳಗ್ಗೆ ಅದರಲ್ಲಿ ಹಳೇ ಹಾಡು ಕೇಳದಿದ್ದರೆ ಭಾವನಿಗೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಅದಕ್ಕೆ ಲೇಸ್ ಕೊಟ್ಟು ಹೊಲಿಸಿದ ಕವರ್ ಬೇರೆ. (ನಮ್ಮ ಕಡೆ ಮಿಕ್ಸಿ, ಟಿವಿ, ಫ್ರಿಜ್ಜು ಯಾವುದೂ ಬರಿಮೈಯಲ್ಲಿ ಇರಬಾರದು.)

ಹಳೇ ಸೆಟ್ಟು, ಗಾಳಿಯಾಡದ ಶೋಕೇಸು, ಮೈಮೇಲೆ ಕವರು. ಕಾಯದೆ ಇರುತ್ತದೆಯೇ?

ನಾನು ಕಾಫಿ ಕುಡಿಯುತ್ತಾ ಕೂತಿದ್ದೆ. ಭಾವ ಸೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದರು. ಅಕ್ಕನನ್ನು ಕೂಗಿದರು. ಪಾತ್ರೆ ತೊಳೆಯುತ್ತಿದ್ದ ಅಕ್ಕ ಅದೇ ಕೈಯಲ್ಲಿ ಬಂದಳು. ಕವರ್ ಸರಿಸಿದಳು. ಒದ್ದೆ ಬಟ್ಟೆಯೊಂದನ್ನು, ಜ್ವರ ಬಂದ ಮಗುವಿನ ಹಣೆಗೆ ಹಾಕುವ ಹಾಗೆ, ಆಂಪ್ಲಿಫೈಯರಿನ ಮೇಲೆ ಹಾಸಿದಳು. ಸ್ವಿಚ್ಚು ಆನ್ ಇತ್ತು. ಹಾಡೂ ಬರುತ್ತಲೇ ಇತ್ತು!

ಓಡಿಹೋಗಿ ಪ್ಲಗ್ ಕಿತ್ತೆ. ಎರಡು ಪಿನ್ನಿನ ಪ್ಲಗ್ಗು, ಅರ್ಥಿಂಗ್ ಎಂಬುದೇ ಇಲ್ಲ. ಶಾಕ್ ಹೊಡೆದರೆ ಏನು ಗತಿ ಎಂದು ಅಕ್ಕನ ಮೇಲೆ ರೇಗಿದೆ.

"ಮುಟ್ಟಿದ್ ತಕ್ಷಣ ಒಸಿ ಜುಮ್ ಅಂತದೆ ಕಣೋ," ಅಂದಳು ಅಕ್ಕ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ. "ಮೊದ್ಮೊದ್ಲು ಭಯ ಆಯ್ತಿತ್ತು. ಈಗ ಅಭ್ಯಾಸ ಆಗೋಗದೆ, ಬುಡು."

ಅಭ್ಯಾಸವಂತೆ! ದಿನಾ ಕರೆಂಟು ಹೊಡೆಸಿಕೊಳ್ಳುವುದೂ ಒಂದು ಅಭ್ಯಾಸವೇ? ಭಾವನ ಕಡೆ ತಿರುಗಿದೆ. ಅವರ ಮುಖದಲ್ಲೂ ಗಾಬರಿ ಇತ್ತು.

"ಅಂಗ್ ಪ್ಲಗ್ ಕಿತ್ರೆ ಸೆಟ್ಟಿಗೆ ಏಟ್ ಬೀಳಾಕಿಲ್ವ?" ಅಂದರು.

ಭಾವ ಕೆಟ್ಟವರಲ್ಲ. ಅಕ್ಕನಿಗೆ ಗದರಿದ್ದನ್ನು ನಾನು ಕಂಡಿಲ್ಲ. ನನ್ನನ್ನು ಕಂಗೆಡಿಸಿದ್ದೇ ಅದು.

ಅವತ್ತೇ ಸೆಟ್ಟನ್ನು ಹುಣಸೂರಿಗೆ ತಂದೆ. ನಮ್ಮ ಬೀದಿಯ ರೇಡಿಯೋ ರಿಪೇರಿ ಅಂಗಡಿಯ ಷಫಿ ಸಾಹೇಬರು ಮುಚ್ಚಳ ಬಿಚ್ಚಿದರು. ಒಳಗೆ ಧೂಳು, ತುಕ್ಕು, ಆಯುಧಪೂಜೆಯ ಅಕ್ಷತೆ ಕಾಳು! ಎಲ್ಲವನ್ನೂ ಬ್ಲೋವರಿನಲ್ಲಿ ಊದಿದರು. ಉಬ್ಬಿದ ಕೆಪಾಸಿಟರ್ ಬದಲಾಯಿಸಿದರು. ಟ್ರಾನ್ಸಿಸ್ಟರಿನ ಬೆನ್ನಿಗೆ ಶಾಖ ಎಳೆಯುವ ಬಿಳಿ ಪೇಸ್ಟ್ ಬಳಿದು, ಮೂರು ಪಿನ್ನಿನ ವೈರ್ ಹಾಕಿದರು. ಕವರೂ ಬೇಡ, ಒದ್ದೆ ಬಟ್ಟೆಯೂ ಬೇಡ, ಗಾಳಿ ಆಡಿದರೆ ಸಾಕು ಎಂದು ಭಾವನಿಗೆ ಫೋನಿನಲ್ಲೇ ತಾಕೀತು ಮಾಡಿದರು. ಭಾವ ಒಪ್ಪಿಕೊಂಡರು.

ಮೊನ್ನೆ ಭಾನುವಾರ ಮತ್ತೆ ಹೋಗಿದ್ದೆ. ಸೆಟ್ಟು ಶೋಕೇಸಿನಿಂದ ಹೊರಬಂದು ಸ್ಟೂಲಿನ ಮೇಲೆ ಕೂತಿತ್ತು. ಕವರಿಲ್ಲ. ಹಾಡು ಸೊಗಸಾಗಿ ಬರುತ್ತಿತ್ತು. ಹಿಂದೆ ಟೇಬಲ್ ಫ್ಯಾನೊಂದು ಗಿರ್ರನೆ ತಿರುಗುತ್ತಿತ್ತು. ಭಾವ ಹೆಮ್ಮೆಯಿಂದ ಮುಟ್ಟಿ ನೋಡು ಅಂದರು. ಮುಟ್ಟಿದೆ. ನಿಜಕ್ಕೂ ತಣ್ಣಗಿತ್ತು.

ಆದರೆ ಆ ಫ್ಯಾನನ್ನು ಎಲ್ಲೋ ನೋಡಿದ್ದೆನಲ್ಲ? ಹೌದು, ಅಕ್ಕನ ಅಡುಗೆಮನೆಗೆಂದು ನಾನೇ ತಂದುಕೊಟ್ಟಿದ್ದು.

ಒಳಗೆ ಹೋದೆ. ಅಕ್ಕ ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದಳು. ಮುಖವೆಲ್ಲ ಬೆವರು. ಕುತ್ತಿಗೆಗೆ ಅದೇ ಒದ್ದೆ ಬಟ್ಟೆ.

ಅಲ್ಲ, ಆ ಮನೆಯಲ್ಲಿ ಅವಳ ಹಣೆಯ ಮೇಲೆ ಯಾರಾದರೂ ಒಂದು ದಿನ ಅಂಗೈ ಇಟ್ಟು ನೋಡಿದ್ದಾರೆಯೇ?