ಕುಣಿಗಲ್ಲಿನಲ್ಲಿ ನಾನು ಕೇಳಿದ ಪ್ರಶ್ನೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಗಣಿತ ಪಾಠ ಮಾಡುತ್ತಿದ್ದೆ. ತಿಂಗಳಿಗೊಂದು ಶನಿವಾರ ನಾಲ್ಕೈದು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಸುತ್ತಲಿನ ಹೈಸ್ಕೂಲುಗಳಿಗೆ ಹೋಗಿ, ಮಕ್ಕಳಿಗೆ ಗಣಿತದ ಸೊಗಸು ತೋರಿಸುವುದು ನನ್ನದೇ ಯೋಜನೆ. ನನಗೆ ಅದರ ಬಗ್ಗೆ ವಿಪರೀತ ಹೆಮ್ಮೆಯಿತ್ತು.

ಆ ಗುಂಪಿನಲ್ಲಿ ಕುಣಿಗಲ್ಲಿನ ಒಬ್ಬ ಹುಡುಗಿಯಿದ್ದಳು. ಅಂತಿಮ ವರ್ಷ. ತಂದೆ ಪಾತ್ರೆಗಳಿಗೆ ಕಲಾಯಿ ಹಾಕುವವರು. ಗುಬ್ಬಿಯ ಶಾಲೆಯಲ್ಲಿ ನಾನು ಕಾಗದದ ತ್ರಿಕೋನದ ಮೂರು ಮೂಲೆ ಹರಿದು, ಪಕ್ಕಪಕ್ಕ ಜೋಡಿಸಿ, ನೂರೆಂಬತ್ತು ಡಿಗ್ರಿ ಆಯಿತು ನೋಡಿ ಎಂದೆ. ಮಕ್ಕಳು ಸುಮ್ಮನೆ ಕೂತಿದ್ದರು. ಅವಳು ಎದ್ದು ಅದನ್ನೇ ವಿವರಿಸಿದಳು. ಮಕ್ಕಳೆಲ್ಲ ಬೆಂಚು ಬಿಟ್ಟು ಅವಳ ಸುತ್ತ ಮುತ್ತಿಕೊಂಡರು. ಹೆಡ್ಮಾಸ್ಟರು ವಂದನೆ ಹೇಳುವಾಗ, ‘ಮೇಷ್ಟ್ರಿಗಿಂತ ಶಿಷ್ಯೆನೇ ಜೋರು’ ಅಂದರು. ನಾನೂ ನಕ್ಕೆ.

ವಾಪಸು ಬರುವ ಬಸ್ಸಿನಲ್ಲಿ ಎಲ್ಲರ ಮುಂದೆ ಅವಳು ಕೇಳಿದಳು. ‘ಸಾರ್, ಪೇಪರ್ ಹರಿದು ಜೋಡ್ಸಿದ್ರೆ ಪ್ರೂಫ್ ಆಗಲ್ಲ ಅಲ್ವಾ? ಮಕ್ಳಿಗೆ ಅದನ್ನೂ ಹೇಳ್ಬೇಕಿತ್ತು.’

ಅವಳು ಹೇಳಿದ್ದು ಸರಿ. ನಾನು ಕಿಟಕಿಯಾಚೆ ನೋಡುತ್ತ ಕೂತೆ.

ಮುಂದಿನ ತಿಂಗಳು ಕುಣಿಗಲ್, ಅವಳೇ ಓದಿದ್ದ ಶಾಲೆ. ಮಗಳ ಪಾಠ ಕೇಳಲು ತಂದೆ ಅಂಗಡಿ ಮುಚ್ಚಿ, ಒಗೆದ ಅಂಗಿ ಹಾಕಿಕೊಂಡು ಬಂದು, ಹಿಂದುಗಡೆ ಗೋಡೆಗೆ ಒರಗಿ ನಿಂತಿದ್ದರು. ನಾನು ಅವಳನ್ನು ಬೋರ್ಡಿಗೆ ಕರೆದೆ.

‘ಪೇಪರ್ ಬೇಡ. ಪ್ರೂಫ್ ಕೊಡಮ್ಮ.’

ಅವಳು ತ್ರಿಕೋನದ ತುದಿಯಲ್ಲಿ, ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆದು, ಎರಡೇ ನಿಮಿಷದಲ್ಲಿ ಮುಗಿಸಿದಳು.

‘ಆ ಬಿಂದುವಿನಲ್ಲಿ ಅಂಥ ಗೆರೆ ಒಂದೇ ಇರೋದು ಅಂತ ಹೇಗೆ ಗೊತ್ತು? ಅದನ್ನ ಪ್ರೂವ್ ಮಾಡು.’

ಅದನ್ನು ಯಾರೂ ಸಾಧಿಸಲಾರರು. ರೇಖಾಗಣಿತ ಅದನ್ನು ಪುರಾವೆಯಿಲ್ಲದೆ ಒಪ್ಪಿಕೊಂಡೇ ಶುರುವಾಗುತ್ತದೆ. ನನಗೆ ಅದು ಚೆನ್ನಾಗಿ ಗೊತ್ತಿತ್ತು, ಅವಳಿಗೆ ಆ ಪಾಠ ಆಗಿಲ್ಲವೆಂದೂ ಗೊತ್ತಿತ್ತು. ಅವಳು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಸೀಮೆಸುಣ್ಣ ಮುರಿಯಿತು. ಮಕ್ಕಳು ಕಿಸಿಕಿಸಿ ನಗತೊಡಗಿದರು. ಗಂಟೆ ಹೊಡೆಯುವವರೆಗೂ ನಾನು ಅವಳಿಗೆ ಕೂರಲು ಹೇಳಲಿಲ್ಲ. ನಿಜ ಹೇಳಬೇಕೆಂದರೆ, ಆ ಹೊತ್ತು ನನಗೆ ಹಿತವಾಗಿತ್ತು.

‘ಮೂರು ವರ್ಷ ಓದಿದ್ದು ಇಷ್ಟೇನಾ?’ ಎಂದೆ.

ಹೊರಗೆ ತಂದೆ ನನ್ನ ಹತ್ತಿರ ಬಂದರು. ‘ಸಾರ್, ಮೈಸೂರಲ್ಲಿ ಎಮ್ಮೆಸ್ಸಿ ಮಾಡ್ತೀನಿ ಅಂತವ್ಳೆ. ಆಯ್ತದಾ ಅವಳ ಕೈಲಿ?’

‘ಕಷ್ಟ’ ಎಂದೆ.

ಪರೀಕ್ಷೆ ಮುಗಿದು, ಅಂಕಪಟ್ಟಿ ಒಯ್ಯಲು ಅವಳು ಕಾಲೇಜಿಗೆ ಬಂದಳು. ಫಸ್ಟ್ ಕ್ಲಾಸು. ಕೈಯಲ್ಲಿ ಮದುವೆಯ ಮೆಹಂದಿ ಇನ್ನೂ ಮಾಸಿರಲಿಲ್ಲ.

‘ಸಾರ್, ಲೈಬ್ರರೀಲಿ ಓದ್ದೆ. ಅದಕ್ಕೆ ಪ್ರೂಫೇ ಇಲ್ವಂತೆ. ನಿಮಗೆ ಗೊತ್ತಿತ್ತಾ?’

‘ಅದನ್ನ ನೀನು ಅಲ್ಲೇ ಹೇಳ್ಬೇಕಿತ್ತು’ ಎಂದೆ.

ಅವಳು ಅಂಕಪಟ್ಟಿ ಮಡಚಿಕೊಂಡಳು. ‘ಹೌದು ಸಾರ್’ ಎಂದು ಹೊರಟುಹೋದಳು. ಆಮೇಲೆ ನಾನು ಅವಳನ್ನು ನೋಡಲಿಲ್ಲ.

ಐದಾರು ವರ್ಷ ಕಳೆದು, ಹುಲಿಯೂರುದುರ್ಗದ ಶಾಲೆಯೊಂದಕ್ಕೆ ಹೋಗಿ ಬರುವಾಗ ಕುಣಿಗಲ್ಲಿನಲ್ಲಿ ಇಳಿದೆ. ನಡೆದದ್ದನ್ನು ಅವಳ ತಂದೆಗೆ ಹೇಳಿಬಿಡಬೇಕು ಅನ್ನಿಸಿತ್ತು. ಅಂಗಡಿಯಲ್ಲಿ ಅವರು ಒಲೆಯ ತಿದಿ ಒತ್ತುವುದನ್ನು ನಿಲ್ಲಿಸಿ ಎದ್ದು ನಿಂತರು, ಸ್ಟೂಲು ಒರೆಸಿ ಕೂರಿಸಿದರು, ಟೀ ತರಿಸಿದರು.

‘ಮಗಳು ತುಮಕೂರಲ್ಲೇ ಅವ್ಳೆ ಸಾರ್, ಬಟವಾಡೀಲಿ. ಎರಡು ಮಕ್ಳು. ನೀವು ಒಳ್ಳೇ ಟೈಮಲ್ಲಿ ನಿಜ ಹೇಳಿದ್ರಿ. ಇಲ್ದಿದ್ರೆ ಇನ್ನೆರಡು ವರ್ಷ ವೇಸ್ಟ್ ಆಗೋದು.’

ನಾನು ಟೀ ಕುಡಿದೆ.

‘ಈಗ ನನ್ ಚಿಕ್ಕ ಮಗಳು ಲೆಕ್ಕ ಲೆಕ್ಕ ಅಂತವ್ಳೆ. ಏನ್ ಮಾಡ್ಲಿ, ನೀವೇ ಹೇಳಿ.’

‘ಓದಿಸಿ. ಖಂಡಿತ ಓದಿಸಿ. ದೊಡ್ಡವಳೂ ಜಾಣೆಯೇ. ಆವತ್ತು ನಾನು ಹೇಳಿದ್ದು ತಪ್ಪು’ ಎಂದೆ, ಕೊನೆಗೂ.

ಅವರು ನಕ್ಕರು. ‘ಬುಡಿ ಸಾರ್, ನನ್ ಮನಸ್ಸಿಗೆ ನೋವಾಗ್ಬಾರ್ದು ಅಂತ ಹೇಳ್ತಿದೀರ. ಆವತ್ತು ಖಡಕ್ಕಾಗಿ ಹೇಳಿದ್ರಲ್ಲ, ಅದೇ ಸರಿ. ಇವಳ್ಗೂ ಗಂಡು ನೋಡಿದೀವಿ’ ಎಂದು ತಿದಿಯ ಮುಂದೆ ಕೂತರು.