ಗೋಡೆ ಹೋದ ಜಾಗದ ಕಂಬ

ಹೊಲಿಗೆಯವಳಿಗೆ ಬೀದಿಯವರು ಇಟ್ಟ ಹೆಸರು ‘ಅನುಮಾನದ ಅಕ್ಕ’. ಅಂಗಡಿಯವನು ಅಳೆದ ಬಟ್ಟೆಯನ್ನು ಅವನೆದುರೇ ಮತ್ತೆ ಅಳೆಯುವಳು. ಹಾಲಿನವನು ಬೇಗ ಬಂದರೆ ಯಾಕೆ ಬೇಗ ಎಂದು ಕೇಳುವಳು. ಗಂಡ ತೀರಿಕೊಂಡ ಮೇಲೆ ಮೈದುನನ ಕಟ್ಟಡದ ಮಹಡಿಯಲ್ಲಿ ಅತ್ತೆಯೊಂದಿಗೆ ಇದ್ದು, ಹೊಲಿಗೆ ಯಂತ್ರದಿಂದಲೇ ಇಬ್ಬರ ಹೊಟ್ಟೆ ಹೊರೆದವಳು. ಮೋಸ ಹೋಗಲು ಅವಳಿಗೆ ಪುರುಸೊತ್ತೂ ಇರಲಿಲ್ಲ, ಬಂಡವಾಳವೂ ಇರಲಿಲ್ಲ.

ಪಕ್ಕದ ಬೀದಿಯ ಹೊಸ ಮನೆ ಸೇರಿದ ಮೈದುನ, ಮಹಡಿಯ ಕೆಳಗಿನ ಭಾಗವನ್ನು ಸೋಫಾ ಮಳಿಗೆ ಮಾಡಿದ. ನಡುಗೋಡೆ ಅಡ್ಡ ಬರುತ್ತಿತ್ತು. ಅತ್ತೆ ಸೊಸೆ ನೆಂಟರ ಮನೆಗೆ ಹೋಗಿ ಬರುವಷ್ಟರಲ್ಲಿ ಗೋಡೆ ಮಾಯ. ಆ ಜಾಗದಲ್ಲಿ ನುಣ್ಣಗೆ ಬಣ್ಣ ಬಳಿದುಕೊಂಡ ಒಂದು ಕಂಬ. ಮೇಲಿನ ಭಾರ ತೊಲೆಯ ಮೇಲೆ, ತೊಲೆಯ ಭಾರ ಕಂಬದ ಮೇಲೆ, ಗೋಡೆ ಬರೀ ಪರದೆ ಎಂದು ಮೈದುನ ಪಾಠ ಹೇಳಿದ. ಮಾತು ಸರಿಯಾಗಿಯೇ ಇತ್ತು. ಅಷ್ಟು ಸರಿಯಾಗಿ ಅವನು ಯಾವತ್ತೂ ಮಾತಾಡಿದವನಲ್ಲ ಎಂಬುದೇ ಅವಳ ತಲೆಯಲ್ಲಿ ಹುಳ ಬಿಟ್ಟಿತು.

ಮಹಡಿಯ ಬಾಗಿಲಿನ ಚಿಲಕ ಕೂರದಾಯಿತು. ಬಡಗಿಯನ್ನು ಶಂಕಿಸಿದಳು. ಕೈಜಾರಿದ ದಾರದ ಉಂಡೆ ಪ್ರತಿ ಸಲವೂ ಕೋಣೆಯ ನಡುವಿಗೇ ಉರುಳಿ ನಿಲ್ಲತೊಡಗಿತು. ಕೊನೆಗೆ ನೆಲವನ್ನೇ ಶಂಕಿಸಿದಳು. ಇನ್ನು ಉಳಿದಿರುವುದು ಆಕಾಶ ಒಂದೇ ಎಂದು ಅತ್ತೆ ಹಂಗಿಸಿದಳು.

ಒಂದು ದಿನ ಮೈದುನ ಗಿರಾಕಿಯೊಬ್ಬನನ್ನು ಸೋಫಾದಲ್ಲಿ ಕೂರಿಸಿ ಹೊಗಳುತ್ತಿದ್ದಾಗ, ಅವಳು ಕತ್ತರಿ ಹಿಡಿದೇ ಕೆಳಗಿಳಿದಳು. ಕಂಬವನ್ನು ಕುಟ್ಟಿದಳು. ಖಾಲಿ ಡಬ್ಬದ ಸದ್ದು. ಪ್ಲಾಸ್ಟರ್ ಹಾಗೇ ಸದ್ದು ಮಾಡುತ್ತದೆ ಎಂದ ಅವನು. ಅವಳು ಕತ್ತರಿಯ ತುದಿ ಚುಚ್ಚಿ ಎಳೆದಳು. ತೆಳು ಹಲಗೆ ಸೀಳಿ ಬಂತು. ಒಳಗೆ ಕಾಂಕ್ರೀಟಿಲ್ಲ, ಕಂಬಿಯಿಲ್ಲ. ಹಳೇ ಗೋಡೆಗೆ ಆತುಕೊಂಡಿದ್ದ ಬಚ್ಚಲ ಪೈಪು ಮಾತ್ರ. ಮೇಲೆ ಅತ್ತೆ ಕೈ ತೊಳೆದಿರಬೇಕು, ಪೈಪು ಗುಳುಗುಳು ಎಂದಿತು. ಎದ್ದು ಹೊರಟ ಗಿರಾಕಿ ತಿರುಗಿ ನೋಡಲಿಲ್ಲ.

“ಅತ್ತಿಗೆ, ಸ್ವಲ್ಪ ಮೆಲ್ಲಗೆ. ವ್ಯಾಪಾರ ಕುದುರಲಿ, ಆಮೇಲೆ ಗಟ್ಟಿ ಕಂಬ ಹಾಕಿಸ್ತೀನಿ.”

“ಆಗಲಪ್ಪ. ಅಲ್ಲೀವರೆಗೆ ಹೆಂಡತಿ ಮಕ್ಕಳನ್ನ ಕರ್ಕೊಂಡು ಬಂದು ನೀನೇ ಮೇಲೆ ಮಲಕ್ಕೋ. ನಾನು ಬಾಯಿ ಬಿಡಲ್ಲ.”

ಅವನು ಜೇಬು ತಡಕುತ್ತ ನಿಂತ. ಹೆತ್ತ ತಾಯಿ ಅಲ್ಲಿ ಮಲಗಿದಾಗ ಚೆನ್ನಾಗಿ ನಿದ್ದೆ ಮಾಡಿದವನು, ತಾನು ಮಲಗುವ ಮಾತು ಬಂದಾಗ ಚಾವಣಿ ನೋಡಿ ಬಾಗಿಲ ಕಡೆ ಎರಡು ಹೆಜ್ಜೆ ಸರಿದ.

ಅವಳು ಅತ್ತೆಯನ್ನು ಕೈಹಿಡಿದು ಇಳಿಸಿದಳು. ಮಗನ ಮೇಲೆ ಚಾಡಿ ಹೇಳುತ್ತೀಯಾ ಎಂದು ಮೆಟ್ಟಿಲುದ್ದಕ್ಕೂ ಬೈದ ಮುದುಕಿ, ಸೀಳಿದ ಕಂಬದೊಳಗೆ ಕೈಯಾಡಿಸಿ ನೋಡಿದಳು. ಮಾರಾಟಕ್ಕಿದ್ದ ಕುರ್ಚಿಯೊಂದನ್ನು ಸೊಸೆಯಿಂದ ಬೀದಿಗೆ ಎಳೆಸಿ, ಮಳಿಗೆಗೆ ಮುಖ ಮಾಡಿ ಕೂತಳು. ಬಂದವರಿಗೆಲ್ಲ ಒಂದೇ ಮಾತು:

“ಒಳಗೆ ಹೋಗಬೇಡಿ. ಆ ಕಂಬ ನಿಲ್ಲಿಸಿದ್ದು ನನ್ನ ಮಗ.”