ಕೊಬ್ಬರಿ ಕಟ್ಟಿಕೊಂಡ ಮೇಷ್ಟ್ರು

ಶಿಕಾರಿಪುರದ ಹತ್ತಿರ ಒಂದು ಕಾಲೊನಿಯಲ್ಲಿ, ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಓಡಾಡಿಸಿ, ಹೊಟ್ಟೆಗೆ ಒಳ್ಳೆಯದೇನಾದರೂ ಕೊಡುವ ಕೆಲಸ ನನ್ನದು. ಮೊದಲು ಓಟ, ಆಮೇಲೆ ಕೊಬ್ಬರಿ, ಶೇಂಗಾ, ಬೆಲ್ಲ. ಮೊದಲ ದಿನ ಸೀಟಿ ಊದಿದೆ. ಒಂದು ಮಗುವೂ ಅಲುಗಾಡಲಿಲ್ಲ. ಮಕ್ಕಳು ಒಪ್ಪದಿದ್ದರೆ ಇಲ್ಲಿ ನಿಲ್ಲಿಸಿ ಬೇರೆ ಊರು ನೋಡೋಣ ಅಂತ ನನ್ನನ್ನು ಕಳಿಸಿದ ಸಂಸ್ಥೆಯವರು ಮೊದಲೇ ಹೇಳಿದ್ದರು.

"ಸುಮ್ನೆ ಯಾಕ್ ಓಡ್ಬೇಕ್ರೀ ಸರ್?" ಅಂದಳು ಐದನೇ ಕ್ಲಾಸಿನ ರೇಣುಕಾ. "ಮುಂದೆ ಹೋರಿ ಇದ್ರೆ ಓಡ್ತೀವಿ."

ದೀಪಾವಳಿ ಬಂತೆಂದರೆ ಈ ಕಡೆ ಹೋರಿ ಹಬ್ಬ. ಕೊರಳಿಗೆ ಕೊಬ್ಬರಿ ಸರ ಕಟ್ಟಿದ ಹೋರಿ ಜನರ ನಡುವೆ ನುಗ್ಗುತ್ತದೆ, ಜನ ಬೆನ್ನಟ್ಟಿ ಆ ಕೊಬ್ಬರಿ ಹರಿಯುತ್ತಾರೆ.

"ಹೋರಿ ಎಲ್ಲಿಂದ ತರ್ಲಿ?" ಅಂದೆ. ಎಲ್ಲರೂ ನನ್ನನ್ನೇ ನೋಡಿದರು.

ಕೊಬ್ಬರಿ ಪೋಣಿಸಿ ನನ್ನ ಕೊರಳಿಗೆ ಹಾಕಿಯೇಬಿಟ್ಟರು. "ಹೋರಿ ಬಂತು!" ಅಂತ ರೇಣುಕಾ ಕೂಗಿದ್ದೇ ತಡ, ಓಡಿದೆ ನೋಡಿ! ಹಿಂದೆ ಇಡೀ ಕಾಲೊನಿಯ ಮಕ್ಕಳು, ಬಾಗಿಲಲ್ಲಿ ನಿಂತ ತಾಯಂದಿರ ಕೇಕೆ! ಬೇವಿನ ಮರದ ಹತ್ತಿರ ಮುಗ್ಗರಿಸಿ ಬಿದ್ದಾಗ ಕೊರಳಲ್ಲಿ ಬರೀ ದಾರ ಉಳಿದಿತ್ತು. ಮಕ್ಕಳು ಕೊಬ್ಬರಿ ಕಡಿಯುತ್ತಲೇ, "ಇನ್ನೊಂದ್ಸಲ ಸರ್!" ಅಂದರು.

ಮರದ ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಒಬ್ಬರು ಎದ್ದು ಬಂದು, ಸಂತೆಯಲ್ಲಿ ಹೋರಿ ಕೊಳ್ಳುವವರ ಹಾಗೆ ನನ್ನ ಸುತ್ತ ಒಮ್ಮೆ ತಿರುಗಿ ನೋಡಿದರು.

"ಕಾಲು ಚಲೋ ಅದಾವ್ರೀ. ಹೊಟ್ಟೆ ಒಂದು ಇಳಿಸ್ರಿ."

ಈಗ ದಿನಾ ನಾನೇ ಹೋರಿ. ಮಕ್ಕಳ ಅಂಗಿ ಬಿಗಿಯಾಗುತ್ತಿದೆ, ನನ್ನ ಪ್ಯಾಂಟು ಜಾರುತ್ತಿದೆ.